ಎಡಬದಿಯ ಟೈರು

ಜೀಪು ಓಡಿಸುವ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗರು ನನ್ನ ಬಳಿ ಬಂದು ಮೊದಲು ಕೇಳುವುದು ಎಂಜಿನ್ನಿನ ವಿಷಯ. ಆಮೇಲೆ ಗೇರಿನ ವಿಷಯ. ಟೈರಿನ ವಿಷಯವನ್ನು ಯಾರೂ ಕೇಳುವುದಿಲ್ಲ. ಟೈರೆಂದರೆ ಅಂಗಡಿಯವನು ಕೊಡುವುದು, ನಾವು ಹಾಕಿಸಿಕೊಳ್ಳುವುದು, ಅಷ್ಟೇ ಎಂದುಕೊಂಡಿರುತ್ತಾರೆ. ಅದಕ್ಕೇ ಇದನ್ನು ಬರೆಯಲು ಕುಳಿತೆ. ತಾಳವಾಡಿ ಬೆಟ್ಟದಲ್ಲಿ ಫೋರ್‌ವೀಲ್ ಜೀಪು ಓಡಿಸುವವನು ನಂಬಬಾರದ್ದು ಮೂರು. ಮೊದಲನೆಯದು ಟೈರು. ಎರಡನೆಯದು ಟೈರು ಮಾರುವವನು. ಮೂರನೆಯದು ಯಾವುದೆಂದು ನನಗೆ ಗೊತ್ತಾಗಲು ನೌಕರಿಯ ಕೊನೆಯ ಭಾಗವೇ ಬರಬೇಕಾಯಿತು. ಅದನ್ನು ಸರದಿ ಬಂದಾಗ ಹೇಳುತ್ತೇನೆ.

ನಾನು ಸೇನೆಯಲ್ಲಿ ಲಾರಿ ಓಡಿಸಿದವನು. ಅಲ್ಲಿಂದ ಬಿಡುಗಡೆಯಾಗಿ ನನ್ನ ಊರು ದೊಡ್ಡಗಾಜನೂರಿಗೆ ಬಂದ ಮೇಲೆ ಒಂದು ಸಣ್ಣ ಧರ್ಮಾಸ್ಪತ್ರೆಗೆ ಸೇರಿದೆ. ಬೆಟ್ಟದ ಹಳ್ಳಿಗಳಿಗೂ ಕಾಡೊಳಗಿನ ಸೋಲಿಗರ ಹಾಡಿಗಳಾದ ಪೋಡುಗಳಿಗೂ ಜೀಪಿನಲ್ಲಿ ಡಾಕ್ಟರನ್ನೂ ನರ್ಸನ್ನೂ ಕರೆದೊಯ್ಯುವುದು ಆ ಆಸ್ಪತ್ರೆಯ ಪದ್ಧತಿ. ಡ್ರೈವರಾಗಿ ಸೇರಿದೆ, ವಾಹನಗಳ ಉಸ್ತುವಾರಿಯಾಗಿ ನಿವೃತ್ತನಾದೆ. ನಡುವೆ ಸಂಬಳ ಯಾವಾಗ ಏರಿತು ಎನ್ನುವುದರಿಂದ ಓದುವವರಿಗೆ ಯಾವ ಉಪಯೋಗವೂ ಇಲ್ಲ. ಊರಲ್ಲಿ ನನಗೆ ಮಿಲ್ಟ್ರಿ ಮಾದೇವಣ್ಣ ಎಂದು ಹೆಸರು. ಬೆನ್ನ ಹಿಂದೆ ಬೇರೆ ಹೆಸರೂ ಇತ್ತಂತೆ.

ಬೆಳಿಗ್ಗೆ ಕೀಲಿ ತಿರುಗಿಸುವ ಮುಂಚೆ ಗಾಡಿಗೆ ಒಂದು ಸುತ್ತು ಬರಬೇಕು. ಸುತ್ತು ಯಾವಾಗಲೂ ಮುಂದಿನ ಎಡಗಾಲಿಯಿಂದಲೇ ಶುರುವಾಗಬೇಕು. ಬಹಳ ಡ್ರೈವರುಗಳು ಟೈರಿಗೆ ಒಂದು ಒದೆ ಕೊಟ್ಟು ಆಯಿತು ಎನ್ನುತ್ತಾರೆ. ಅದು ಪರೀಕ್ಷೆಯಲ್ಲ, ಶೋಕಿ. ಅಂಗೈಯನ್ನು ಟೈರಿನ ಹೊರಪಕ್ಕೆಯ ಮೇಲೆ ಆಡಿಸಬೇಕು, ಆಮೇಲೆ ತೋಳನ್ನು ಒಳಗೆ ತೂರಿಸಿ ಒಳಪಕ್ಕೆಯನ್ನೂ ಮುಟ್ಟಬೇಕು. ಉಬ್ಬಿದ್ದರೆ ಕಣ್ಣಿಗಿಂತ ಮುಂಚೆ ಕೈಗೆ ಸಿಗುತ್ತದೆ. ಟೈರಿನ ಮೇಲ್ಮೈಯ ಗೀರುಗಳ ಸಂದಿನಲ್ಲಿ ಸಿಕ್ಕಿಕೊಂಡ ಕಲ್ಲನ್ನು ಕಿತ್ತು ಹಾಕಬೇಕು. ಗಾಳಿಯನ್ನು ಟೈರು ತಣ್ಣಗಿರುವಾಗ ಅಳೆಯಬೇಕು, ಓಡಿ ಬಂದ ಮೇಲಲ್ಲ. ಬಿಸಿ ಟೈರು ಸುಳ್ಳು ಹೇಳುತ್ತದೆ.

ನನ್ನ ಕೈಕೆಳಗೆ ಸಿದ್ದರಾಜು ಎಂಬ ಡ್ರೈವರಿದ್ದ. ಪಣಕಹಳ್ಳಿಯವನು, ಮೊದಲು ಜೋಳದ ಮೂಟೆ ಹೇರುವ ಟೆಂಪೋ ಓಡಿಸುತ್ತಿದ್ದ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ನನ್ನ ಬೆಳಗಿನ ಸುತ್ತು ಅವನಿಗೆ ತಮಾಷೆ.

"ಎಮ್ಮೆ ಮೈ ಸವರ್ದಂಗೆ ಸವರ್ತೀರಲ್ಲ ಅಣ್ಣ, ಸಾಯಂಕಾಲಕ್ಕೆ ಆಲು ಕರೀತದ ಅದು?"

"ಕರಿಯಾದಿಲ್ಲ ಕಣ್ಲಾ. ಆದ್ರೆ ಒದಿಯೋಕ್ ಮುಂಚೆ ಗೊತ್ತಾಯ್ತದ."

ಅವನು ನಕ್ಕ. ನಾನು ನಗಲಿಲ್ಲ. ಇಷ್ಟು ಬೇಗ ನಗುವವನ ಮೇಲೆ ನನಗೆ ಮೊದಲಿನಿಂದಲೂ ಒಂದು ಕಣ್ಣು.

ಟೈರು ತರಲು ದಿಂಬಂ ಘಾಟಿ ಇಳಿದು ಸತ್ಯಮಂಗಲಕ್ಕೆ ಹೋಗಬೇಕು. ಅಂಗಡಿಯವನು ಟೈರಿನ ಮೈಗೆ ಕಪ್ಪು ಎಣ್ಣೆ ಬಳಿದು ಮದುವಣಗಿತ್ತಿಯ ಹಾಗೆ ನಿಲ್ಲಿಸಿರುತ್ತಾನೆ. ಮಿನುಗುವ ಟೈರಿನ ಹತ್ತಿರ ನಾನು ನಿಲ್ಲುವುದೇ ಇಲ್ಲ. ಒಮ್ಮೆ ಅವನು, "ಅಣ್ಣಾ, ಇದು ನಿನ್ನೆ ತಾನೆ ಬಂದ ಮಾಲು" ಎಂದ. ಟೈರು ಉರುಳಿಸಿ ಪಕ್ಕೆಯ ಮೇಲಿನ ನಾಲ್ಕಂಕಿಯ ಗುರುತು ಹುಡುಕಿದೆ. ಮೊದಲೆರಡು ಅಂಕಿ ವರ್ಷದ ಎಷ್ಟನೆಯ ವಾರದಲ್ಲಿ ತಯಾರಾಯಿತು ಎಂಬುದನ್ನೂ ಕೊನೆಯ ಎರಡು ಯಾವ ವರ್ಷ ಎಂಬುದನ್ನೂ ಹೇಳುತ್ತವೆ.

"ಬಂದದ್ದು ನಿನ್ನೆ ಇರಬಹುದು. ಹುಟ್ಟಿದ್ದು ಯಾವಾಗ?" ಎಂದೆ.

"ಟೈರು ತಗೊಳ್ಳೋಕೆ ಬಂದ್ರೋ ಹೆಣ್ಣು ನೋಡೋಕೆ ಬಂದ್ರೋ? ಜಾತಕ ಕೇಳ್ತೀರಲ್ಲ!"

"ನಾಲ್ಕು ಜನರನ್ನ ಒಟ್ಟಿಗೆ ಮನೆ ತುಂಬಿಸ್ಕೊಳ್ಳೋನು ಜಾತಕ ನೋಡದೆ ಹೆಂಗಪ್ಪಾ?"

ಅವನು ನಗುತ್ತಲೇ ಒಳಗಿನಿಂದ ಬೇರೆ ಸೆಟ್ಟು ತಂದ. ಒಳಗೊಂದು ಸೆಟ್ಟು ಇತ್ತು ಎನ್ನುವುದನ್ನು ಗಮನಿಸಿ. ಕೇಳದವನಿಗೆ ಅದು ಹೊರಗೆ ಬರುವುದಿಲ್ಲ. ನಾಲ್ಕೂ ಒಂದೇ ಅಳತೆ, ಒಂದೇ ಜಾತಿಯದಾಗಿರಬೇಕು, ಸ್ಟೆಪ್ನಿಯೂ ಸೇರಿ. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಎಳೆತ ಹಾಕಿದಾಗ ಒಂದು ಟೈರು ಸವೆದು ಇನ್ನೊಂದು ಹೊಸದಾಗಿದ್ದರೆ ಗೇರುಪೆಟ್ಟಿಗೆ ಒಳಗೊಳಗೇ ಜಗಳವಾಡುತ್ತದೆ. ಆ ಜಗಳ ನಿಮಗೆ ಕೇಳಿಸುವ ಹೊತ್ತಿಗೆ ಬಹಳ ತಡವಾಗಿರುತ್ತದೆ.

ಒಮ್ಮೆ ಆಸ್ಪತ್ರೆಗೆ ಯಾರೋ ಪುಣ್ಯಾತ್ಮರು ಮೇಲ್ಮೈಯಲ್ಲಿ ದೊಡ್ಡ ದೊಡ್ಡ ರಬ್ಬರ್ ಗಟ್ಟಿಗಳಿರುವ ಕೆಸರಿನ ಟೈರುಗಳನ್ನು ದಾನ ಕೊಟ್ಟರು. ದಾನದ ವಸ್ತುವಿಗೆ ದೋಷ ಹೇಳಬಾರದೆಂದು ಮ್ಯಾನೇಜರು ಹಾಕಿಸಿದರು. ಕೆಸರಿನಲ್ಲಿ ಗಾಡಿ ಹಂದಿಯ ಹಾಗೆ ನುಗ್ಗುತ್ತಿತ್ತು, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ನಾವು ಓಡುವ ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಟಾರು. ಟಾರಿನ ಮೇಲೆ ಆ ಟೈರುಗಳು ಊಳಿಡುತ್ತಿದ್ದವು. ಪಣಕಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಹೆಂಗಸರು ಜೋಳ ಬಿಡಿಸುವ ಯಂತ್ರ ಬಂತೆಂದು ಎದ್ದು ನಿಂತರು. ಹಿಂದಿನ ಸೀಟಿನಲ್ಲಿ ರೋಗಿಗೆ ನರ್ಸ್ ಸರೋಜಮ್ಮ ಹೇಳುವುದು ಕೇಳಿಸುತ್ತಿರಲಿಲ್ಲ. ಒಂದು ದಿನ ಮಳೆ ಬಿದ್ದ ಟಾರಿನಲ್ಲಿ ಬ್ರೇಕು ಒತ್ತಿದರೆ ಗಾಡಿ ನಿಲ್ಲುವ ಬದಲು ರಾಗಿ ಹೊಲದ ಬದುವಿನವರೆಗೆ ಜಾರಿಕೊಂಡು ಹೋಯಿತು. ಮರುದಿನವೇ ಅವನ್ನು ಕಳಚಿಸಿದೆ. ಅರ್ಧ ಟಾರು, ಅರ್ಧ ಕಾಡು ಇರುವವನಿಗೆ ಎರಡಕ್ಕೂ ಹೊಂದುವ, ಆಲ್ ಟೆರೇನ್ ಎಂದು ಕರೆಯುವ ಟೈರೇ ಸರಿ. ಅದು ಎರಡು ಕಡೆಯೂ ಅತ್ಯುತ್ತಮವಲ್ಲ, ಎರಡು ಕಡೆಯೂ ಮೋಸ ಮಾಡುವುದಿಲ್ಲ.

ಹೀಗೆ ಆರಿಸಿ ತಂದ ಟೈರುಗಳೇ ನನಗೆ ಮೋಸ ಮಾಡತೊಡಗಿದವು ಎಂದಾಗ ನನಗೆ ಹೇಗಾಗಿರಬೇಡ!

ಆಗ ನಾವು ಹಳೆಯ ನೈಲಾನ್ ಟೈರು ಬಿಟ್ಟು ಹೊಸ ಮಾದರಿಯ ರೇಡಿಯಲ್‌ಗೆ ಬಂದಿದ್ದೆವು. ಕುಲುಕಾಟ ಕಡಿಮೆ, ಹಿಡಿತ ಹೆಚ್ಚು, ಪಕ್ಕೆ ಮಾತ್ರ ಮೆತ್ತಗೆ. ಅದೇ ಹೊತ್ತಿಗೆ ಗಾಡಿಯೂ ಬದಲಾಗಿ ಮೊದಲಿನದಕ್ಕಿಂತ ಅಗಲದ್ದು ಬಂದಿತ್ತು. ಜೀರಹಳ್ಳಿ ದಾಟಿ ಕಾಡೊಳಗೆ ಏರುವ ಒಂದು ಪೋಡಿಗೆ ಸಿದ್ದರಾಜು ಹೋಗಿಬರುತ್ತಿದ್ದ. ಒಮ್ಮೆ ಅಲ್ಲಿಗೆ ಹತ್ತುವಾಗ ಎಡಗಡೆಯ ಟೈರು ಪಕ್ಕೆಯಲ್ಲಿ ಸೀಳಿತು. ಪಕ್ಕೆ ಸೀಳಿದರೆ ಪಂಕ್ಚರ್ ಹಾಕಲು ಬರುವುದಿಲ್ಲ, ಟೈರನ್ನು ಎಸೆಯಬೇಕು. ಆಗಬಹುದು ಎಂದುಕೊಂಡೆ. ಮುಂದಿನ ಸಲ ಹೋದಾಗ ಮತ್ತೆ ಎಡಗಡೆ. ಕೆಲವು ವಾರ ಬಿಟ್ಟು ಮತ್ತೆ.

ಸೀಳು ಚೂರಿಯಲ್ಲಿ ಎಳೆದ ಹಾಗೆ ನೀಟಾಗಿತ್ತು. ಕಲ್ಲಿಗೆ ತಗುಲಿದ ಸೀಳು ಹಾಗಿರುವುದಿಲ್ಲ, ಹರಕು ಮುರುಕಾಗಿರುತ್ತದೆ. ಬೇರೆ ಯಾವ ಹಳ್ಳಿಯ ದಾರಿಯಲ್ಲೂ ಹೀಗಾಗಲಿಲ್ಲ. ಅದಕ್ಕಿಂತ ದೊಡ್ಡ ವಿಷಯ, ಜೀರಹಳ್ಳಿಯ ಪಂಕ್ಚರ್ ಅಂಗಡಿ ಸಿದ್ದರಾಜುವಿನ ಭಾವನದು. ನಮ್ಮ ಸೀಳಿದ ಟೈರುಗಳೆಲ್ಲ ಅಲ್ಲೇ ಉಳಿಯುತ್ತಿದ್ದವು. ಒಂದನ್ನು ಕತ್ತರಿಸಿ ದನಕ್ಕೆ ನೀರಿಡುವ ತೊಟ್ಟಿ ಮಾಡಿದ್ದನ್ನು ನಾನೇ ಕಂಡೆ.

"ಸಿದ್ದರಾಜು, ನಿಮ್ ಭಾವನ್ ಅಂಗ್ಡಿ ಚೆನ್ನಾಗ್ ನಡೀತದ?" ಎಂದು ಕೇಳಿದೆ.

"ಏನ್ ನಡೀತದಣ್ಣ, ಸುಮ್ನೆ ಕುಂತಿರ್ತರ. ಯಾಕೆ?"

"ಸುಮ್ನೆ ಕೇಳ್ದೆ."

"ನೀವು ಸುಮ್ನೆ ಕೇಳೋರಲ್ಲ ಬುಡಿ" ಎಂದು ಅವನು ನನ್ನ ಮುಖವನ್ನೇ ನೋಡಿದ. ಆ ನೋಟ ನನಗೆ ಹಿಡಿಸಲಿಲ್ಲ.

ದಾರಿಯದೇ ತಪ್ಪೋ ಮನುಷ್ಯನದೋ ಎಂದು ತೀರ್ಮಾನಿಸಲು ನಾನೇ ಒಂದು ದಿನ ಗಾಡಿ ತೆಗೆದುಕೊಂಡು ಹೋದೆ. ಸೇನೆಯಲ್ಲಿ ತಪಾಸಣೆಗೆ ಯಾರೂ ಮುಂಚೆ ಹೇಳಿ ಬರುವುದಿಲ್ಲ, ಹಾಗಾಗಿ ಯಾರಿಗೂ ತಿಳಿಸಲಿಲ್ಲ. ಪೋಡಿನ ದಾರಿ ಬೆಟ್ಟದ ಮಗ್ಗುಲಿಗೆ ಅಡ್ಡಲಾಗಿ ಹಾದುಹೋಗುತ್ತದೆ. ಹತ್ತುವಾಗ ಬಲಕ್ಕೆ ಬಂಡೆ, ಎಡಕ್ಕೆ ಆಳೆತ್ತರದ ಲಂಟಾನದ ಮುಳ್ಳುಪೊದೆ. ಕೊಂಬೆಗಳು ಗಾಡಿಯ ಎಡಮೈಯನ್ನು ಕರಕರ ಕೆರೆಯುತ್ತಿದ್ದವು. ಬಣ್ಣ ಹಾಳಾಗುತ್ತದೆಂದು ಬಲಕ್ಕೆ ಒತ್ತಿಕೊಂಡು ಬಂಡೆಯ ಮಗ್ಗುಲಲ್ಲೇ ನಿಧಾನವಾಗಿ ಹತ್ತಿದೆ, ಇಳಿಯುವಾಗಲೂ ಬಂಡೆಯ ಮಗ್ಗುಲನ್ನೇ ಹಿಡಿದೆ. ಗಾಡಿ ನಿಲ್ಲಿಸಿ ನಾಲ್ಕೂ ಟೈರನ್ನು ಸವರಿದೆ. ಒಂದು ತರಚು ಗಾಯವೂ ಇರಲಿಲ್ಲ.

ದಾರಿ ನಿರಪರಾಧಿ, ಇನ್ನುಳಿದವನು ಒಬ್ಬನೇ.

ವಿಷಯ ಮ್ಯಾನೇಜರವರೆಗೆ ಹೋಯಿತು. ಈರೋಡಿನ ಕಡೆಯವರು, ಮಾತು ಕಡಿಮೆ, ಅನ್ಯಾಯದ ಮನುಷ್ಯರಲ್ಲ. "ಇನ್ನೊಂದು ಟೈರು ಹೀಗೇ ಹೋದರೆ ಸಿದ್ದರಾಜುವನ್ನು ಬಿಡಿಸಿಬಿಡುತ್ತೇನೆ. ನೀವು ಏನು ಹೇಳುತ್ತೀರಿ?" ಎಂದು ತಮಿಳಿನಲ್ಲಿ ಕೇಳಿದರು. ನನ್ನ ಒಂದು ಮಾತಿನ ಮೇಲೆ ಅವನ ಕೆಲಸ ನಿಂತಿತ್ತು. ನನಗೆ ಅನುಮಾನವೇನೋ ತುಂಬ ಇತ್ತು. ಆದರೆ ಅನುಮಾನ ಇರುವುದು ಬೇರೆ, ಹಿಡಿದು ಕೊಡುವುದು ಬೇರೆ. "ನನ್ನ ಕಣ್ಣಲ್ಲಿ ನೋಡಿ ಹೇಳುತ್ತೇನೆ ಸಾರ್" ಎಂದೆ.

ಪೋಡಿಗೆ ಹೋಗುವ ಹಿಂದಿನ ದಿನ ಸರೋಜಮ್ಮ ಅಲ್ಲಿನ ಅಂಗನವಾಡಿಯವಳಿಗೆ ಫೋನು ಮಾಡಿ, ನಾಳೆ ಜೀಪು ಬರುತ್ತದೆ, ಬಸುರಿಯರನ್ನೂ ಮಕ್ಕಳನ್ನೂ ಒಂದು ಕಡೆ ಸೇರಿಸಿ ಎಂದು ಹೇಳುವುದು ರೂಢಿ. ಆ ಸಲ ಅವರು ಫೋನು ಇಟ್ಟ ಕೂಡಲೇ ನಾನು ಯಾರದೋ ಬೈಕು ಕೇಳಿ ತೆಗೆದುಕೊಂಡು ಹೊರಟೆ. ನನ್ನ ಲೆಕ್ಕ ಹೀಗಿತ್ತು: ಸಿದ್ದರಾಜುವೋ ಅವನ ಭಾವನೋ ಮುಂಚಿನ ದಿನವೇ ಬಂದು ದಾರಿಯಲ್ಲಿ ಏನಾದರೂ ಹೂಳುತ್ತಿರಬೇಕು. ಮುರಿದ ಬ್ಲೇಡೋ ಬಾಟಲಿ ಚೂರೋ. ಜೀರಹಳ್ಳಿಯಲ್ಲಿ ಪಂಕ್ಚರ್ ಅಂಗಡಿಯ ಮುಂದೆ ಹಾಯುವಾಗ ಬಗ್ಗಿ ನೋಡಿದೆ. ಭಾವ ಇರಲಿಲ್ಲ, ಬಾಗಿಲು ಎಳೆದಿತ್ತು. ಸಿಕ್ಕಿದ ಎಂದುಕೊಂಡೆ.

ಏರು ಶುರುವಾಗುವ ಕಡೆ ಬೈಕು ನಿಲ್ಲಿಸಿ ಸದ್ದಿಲ್ಲದೆ ನಡೆದೆ. ಮೇಲಿನಿಂದ ಮಚ್ಚಿನ ಏಟು ಕೇಳಿಸಿತು. ಚಕ್, ಚಕ್, ಚಕ್. ಬಂಡೆಯ ಮರೆಯಲ್ಲಿ ನಿಂತು ಇಣುಕಿದೆ.

ಪೋಡಿನ ಜನ. ನನಗೆ ಗುರುತಿದ್ದ ಮುದುಕ ಜಡೆಯ, ಅವನ ಹೆಂಡತಿ ಕೇತಮ್ಮ, ಇನ್ನೂ ಕೆಲವರು. ಸಾಲಾಗಿ ನಿಂತು ದಾರಿಯ ಎಡಗಡೆಯ ಲಂಟಾನ ಕಡಿಯುತ್ತಿದ್ದರು. ಮರೆಯಿಂದ ಹೊರಬಂದೆ.

"ಏನ್ ಜಡೆಯಪ್ಪಾ, ಏನ್ ನಡೀತಾ ಅದ ಇಲ್ಲಿ?"

ಅವನು ಬೆಚ್ಚಿಬಿದ್ದು ಎದೆ ಮುಟ್ಟಿಕೊಂಡ. "ಅಯ್ಯೋ ಮಿಲ್ಟ್ರಿ ಸಾಮಿ! ಆನೆ ಬಂದ್ರೂ ಒಂದು ಸದ್ದು ಮಾಡ್ಕಂಡ್ ಬತ್ತದ, ನೀವ್ ಅದ್ನೂ ಮಾಡಾದಿಲ್ವಲ್ಲ!"

"ಕೇಳ್ದುದ್ಕೆ ಉತ್ರ ಏಳು."

"ದಾರಿ ಬುಡಿಸ್ತಾ ಇವ್ನಿ ಸಾಮಿ. ನಾಳೆ ಜೀಪು ಬತ್ತದಲ್ಲ. ಇಂದೆ ಒಂದ್ ಸಲ ನರ್ಸಮ್ಮ ಕೈ ಆಚೆಗ್ ಇಟ್ಟಿತ್ತು, ಮುಳ್ಳು ಗೀರ್ಬುಡ್ತು. ಹೊಸ ಜೀಪು ಬೇರೆ ದಪ್ಪ. ಅದ್ಕೇ ಅವತ್ನಿಂದ ಅಗ್ಲಾಗಿ ಬುಡಿಸ್ತೀವಿ."

"ಪ್ರತಿ ಸಲ್ವೂ ಮಾಡ್ತೀರಾ?"

"ಫೋನ್ ಬಂದಾಗೆಲ್ಲ ಮಾಡ್ತೀವಿ. ಒಂದ್ ಸಲ ಮಾತ್ರ ಫೋನೇ ಇಲ್ದೆ ಬಂದ್ಬುಟ್ರಿ ನೀವು. ಇನ್ನೂ ಕಡೀದೆ ಇರೋ ದಾರೀಲಿ ಬಂದ್ರಿ. ನಮ್ಗೇ ನಾಚ್ಕೆ ಆಯ್ತು" ಎಂದಳು ಕೇತಮ್ಮ.

ಆಗ ನಾನು ಬಗ್ಗಿ ನೋಡಿದೆ. ಮಚ್ಚು ಮೇಲಿನಿಂದ ಓರೆಯಾಗಿ ಇಳಿಯುತ್ತದೆ. ಬುಡದವರೆಗೆ ಯಾರೂ ಬಗ್ಗುವುದಿಲ್ಲ, ಅಲ್ಲಿ ಹಾವಿನ ಭಯ. ಹಾಗಾಗಿ ಒಂದೇ ಏಟಿಗೆ ಗಿಡ ಮೊಣಕಾಲಿನ ಕೆಳಗೆ ತುಂಡಾಗಿ, ಉಳಿದ ಮೋಟು ಭರ್ಜಿಯ ಹಾಗೆ ಚೂಪಾಗಿ ನಿಲ್ಲುತ್ತದೆ. ಆ ಮೋಟುಗಳ ಮೇಲೆ ಕಡಿದ ಸೊಪ್ಪು ಹರಡಿ ಮುಚ್ಚಿತ್ತು. ಮೇಲಿನಿಂದ ನೋಡಿದರೆ ಅಗಲವಾದ, ಮೆತ್ತಗಿನ, ಚೊಕ್ಕಟ ದಾರಿ. ಹತ್ತುವಾಗ ಬಲಕ್ಕೆ ಬಂಡೆ ಇದ್ದರೆ ಎಂಥ ಡ್ರೈವರಾದರೂ ಎಡಕ್ಕೇ ಸರಿಯುತ್ತಾನೆ. ಇಳಿಯುವಾಗ ಆ ಅಂಚು ಡ್ರೈವರಿನ ಪಕ್ಕಕ್ಕೇ ಬಂದು ಕಣ್ಣಿಗೆ ಬೀಳುತ್ತದೆ, ಅವನು ಅಷ್ಟು ದೂರ ಸರಿಯುವುದಿಲ್ಲ. ಒಂದು ಮೋಟಿನ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿದೆ. ರಕ್ತ ಬಂತು.

ನಂಬಬಾರದ ಮೂರನೆಯದು ಇದೇ: ಚೆನ್ನಾಗಿ ಕಾಣುವ ದಾರಿ.

ಜಡೆಯನಿಗೆ ಹೇಳಿದಾಗ ಅವನ ಮುಖ ಇಳಿದುಹೋಯಿತು. "ಅಂಗಾರೆ ಟೈರು ಕುಯ್ದಿದ್ದು ನಾವಾ?" ಎಂದು ಮಚ್ಚನ್ನು ಕೆಳಗಿಟ್ಟ. ಕೇತಮ್ಮ ಮುಖ ಇಳಿಸುವ ಪೈಕಿ ಅಲ್ಲ.

"ಬೇರ್ಸಮೇತ ಕೀಳಿ ಅಂತೀರಾ? ಅದ್ಕೆ ನಿಮ್ ಮಿಲ್ಟ್ರಿನೇ ಬರ್ಬೇಕು!"

ಕೊನೆಗೆ ಉಪಾಯವನ್ನೂ ಅವಳೇ ಹುಡುಕಿದಳು. ಒಂದು ಕಲ್ಲು ತೆಗೆದು ಮೋಟಿನ ತುದಿಯನ್ನು ಜಜ್ಜಿದಳು. ಚೂಪು ಹೋಗಿ ತುದಿ ಪೊರಕೆಯ ಹಾಗೆ ಕೆದರಿಕೊಂಡಿತು. ಎಲ್ಲರೂ ಕಲ್ಲು ಹಿಡಿದರು. ನಾನೂ ಹಿಡಿದೆ. ಕಡಿದ ಸೊಪ್ಪನ್ನು ದಾರಿಯಿಂದ ಆಚೆ ಎಳೆದು ಹಾಕಿಸಿದೆ, ಮೋಟುಗಳು ಕಣ್ಣಿಗೆ ಕಾಣಲಿ ಎಂದು.

ಮ್ಯಾನೇಜರು ಇದನ್ನು ಸುಲಭವಾಗಿ ನಂಬಲಿಲ್ಲ. ನಂಬಬಾರದು ಕೂಡ. ಅನುಮಾನ ಬಂದ ಮೇಲೆ ಭಾವನ ಅಂಗಡಿಯಿಂದ ಗೋಡೌನಿಗೆ ತರಿಸಿಟ್ಟಿದ್ದ ಕೊನೆಯ ಸೀಳು ಟೈರನ್ನು ಅವರ ಮುಂದೆ ಮಲಗಿಸಿ ಸೀಳಿನೊಳಗೆ ಕಡ್ಡಿ ಆಡಿಸಿದೆ. ಒಣ ಮಣ್ಣಿನ ಜೊತೆ ತೊಗಟೆಯ ಎಳೆಗಳು ಬಂದವು. ಪೋಡಿನ ದಾರಿಯಿಂದ ಕಡಿದು ತಂದಿದ್ದ ಒಂದು ಮೋಟನ್ನು ಸೀಳಿಗೆ ಸಿಕ್ಕಿಸಿದೆ. ಒರೆಗೆ ಕತ್ತಿ ಕುಳಿತಂತೆ ಕುಳಿತಿತು. "ಸರಿ, ಅವನ ಕೆಲಸ ಅವನಿಗಿರಲಿ" ಎಂದರು ಅವರು. ಪಂಕ್ಚರ್ ಅಂಗಡಿಯ ಬಾಗಿಲು ಯಾಕೆ ಎಳೆದಿತ್ತು ಎಂಬುದನ್ನೂ ವಿಚಾರಿಸಿದೆ. ಭಾವ ಮಧ್ಯಾಹ್ನದ ಊಟಕ್ಕೆ ಹೋಗಿದ್ದನಂತೆ. ಎರಡು ಕಡೆ ಕೇಳಿ ಖಚಿತ ಮಾಡಿಕೊಂಡೆ.

ಸಿದ್ದರಾಜುವನ್ನು ಕರೆದು ಎಲ್ಲ ಹೇಳಿದೆ. ಅವನು ಜೀಪಿನ ಬಾನೆಟ್ಟಿಗೆ ಒರಗಿಕೊಂಡು ಪೂರ್ತಿ ಕೇಳಿದ.

"ಅಂಗಾದ್ರೆ ನೀವಲ್ಲ ಅನ್ನಿ" ಎಂದ.

"ನಾನಾ? ನಾನೇನ್ಲಾ?"

"ಸತ್ಯಮಂಗ್ಲಕ್ಕೆ ಟೈರು ತರಾಕೆ ನೀವೊಬ್ರೇ ಓಯ್ತಿದ್ರಿ, ನಂಗೆ ಬಾ ಅಂತ ಒಂದಿನಾನೂ ಅನ್ಲಿಲ್ಲ. ತಂದ್ ಟೈರು ತಿಂಗ್ಳು ಬಾಳ್ತಿರ್ಲಿಲ್ಲ. ಅಂಗ್ಡಿಯವ್ನೂ ನೀವೂ ಸೇರ್ಕಂಡು ಕೊಳ್ತೋಗಿರೋ ಮಾಲ್ ಆಕುಸ್ತಾ ಇದೀರಿ ಅಂತ ನಾನು ಗಟ್ಟಿ ಮಾಡ್ಕಂಡಿದ್ದೆ. ಬದ್ಲಾಯ್ಸಿದ್ರೆ ಗೊತ್ತಾಗ್ಲಿ ಅಂತ ಎಲ್ಲಾ ಟೈರ್ಗೂ ಒಳ್ಗಡೆ ಗುರ್ತು ಮಾಡಿವ್ನಿ."

"ಎಂಥ ಗುರ್ತು?"

"ಕೆಂಪ್ ಚುಕ್ಕಿ. ನನ್ ಎಂಡ್ರುದು ಉಗುರ್ಗೆ ಆಕೋ ಬಣ್ಣ."

ಆ ಚುಕ್ಕಿಯನ್ನು ಬೆಳಗಿನ ಸುತ್ತಿನಲ್ಲಿ ನಾನು ಎಷ್ಟೋ ಸಲ ಕಂಡಿದ್ದೆ. ಕಾರ್ಖಾನೆಯವರೂ ಟೈರಿನ ಮೇಲೆ ಕೆಂಪು, ಹಳದಿ ಚುಕ್ಕಿ ಇಡುತ್ತಾರೆ. ಅದೇ ಇರಬೇಕೆಂದು ಮುಂದೆ ಹೋಗಿದ್ದೆ. ಆದರೆ ಕಾರ್ಖಾನೆಯವರು ಹೊರಪಕ್ಕೆಗೆ ಇಡುತ್ತಾರೆಯೇ ಹೊರತು, ಕೈ ತೂರಿಸಿ ನೋಡಬೇಕಾದ ಜಾಗಕ್ಕಲ್ಲ. ಒಂದು ಕ್ಷಣ ನನಗೆ ಸಿಟ್ಟು ಬಂತು. ನನ್ನ ಮೇಲೇ ಪಹರೆಯೇ? ಆಮೇಲೆ ಯೋಚಿಸಿದೆ. ಈ ಕೆಲಸಕ್ಕೆ ಇಷ್ಟು ಅನುಮಾನ ಇರುವ ಮನುಷ್ಯ ಇನ್ನೊಬ್ಬ ಸಿಗುತ್ತಾನೆಯೇ?

ಮುಂದಿನ ಸಲ ಸತ್ಯಮಂಗಲಕ್ಕೆ ಇಬ್ಬರೂ ಹೋದೆವು. ಗೀರು ಎಷ್ಟು ಆಳ ಎಂದು ನೋಡುವುದನ್ನು ಬಿಟ್ಟು ಪಕ್ಕೆಯಲ್ಲಿ ಎಷ್ಟು ಪದರ ಎಂದು ಕೇಳಿದೆವು. ಪಕ್ಕೆ ಮೂರು ಪದರದ್ದು, ಟೈರಿನ ಭುಜದ ಮೇಲೂ ರಬ್ಬರ್ ಗಟ್ಟಿಗಳು ಇಳಿದು ಬಂದಿರುವುದು, ಗಾಡಿಯ ಮೈಯಿಂದ ಹೊರಚಾಚದಷ್ಟೇ ಅಗಲದ್ದು ಆರಿಸಿದೆವು. ಹಿಡಿತ ಸಿಗಲೆಂದು ಏರಿನಲ್ಲಿ ಗಾಳಿ ಇಳಿಸುವ ಅಭ್ಯಾಸ ಸಿದ್ದರಾಜುವಿಗಿತ್ತು. ಗಾಳಿ ಇಳಿದರೆ ಪಕ್ಕೆ ಉಬ್ಬಿ ಮೋಟಿಗೆ ತಾನಾಗಿ ಎದೆಯೊಡ್ಡುತ್ತದೆ, ಮೋಟಿರುವ ದಾರಿಯಲ್ಲಿ ಅದು ಬೇಡವೆಂದು ಬಿಡಿಸಿದೆ. ಅಂಗಡಿಯವನು ನಮ್ಮಿಬ್ಬರನ್ನೂ ನೋಡಿ, "ಒಬ್ಬರನ್ನು ತಾಳಿಕೊಳ್ಳುವುದೇ ಕಷ್ಟವಿತ್ತು" ಎಂದ. ನಾನು ಹೊರಪಕ್ಕೆ ಸವರುತ್ತಿದ್ದರೆ ಸಿದ್ದರಾಜು ಒಳಪಕ್ಕೆ ಸವರುತ್ತಿದ್ದ. ಒಂದು ಟೈರನ್ನು ಅವನು ವಾಪಸು ಕೊಟ್ಟ. ಅದರಲ್ಲಿ ನನಗೆ ಯಾವ ದೋಷವೂ ಕಂಡಿರಲಿಲ್ಲ. ಕಾರಣ ಕೇಳಿದರೆ, "ಸುಮ್ನೆ, ಯಾಕೋ ಇಡಿಸ್ನಿಲ್ಲ" ಎಂದ. ನಾನು ವಾದಿಸಲಿಲ್ಲ.

ಪೋಡಿನ ದಾರಿಯಲ್ಲಿ ಆಮೇಲೆ ಪಕ್ಕೆ ಸೀಳಲಿಲ್ಲ. ಇದು ಕೇತಮ್ಮನ ಕಲ್ಲಿನಿಂದಲೋ ಮೂರು ಪದರದಿಂದಲೋ ಹೇಳಲಾರೆ. ಎರಡರಲ್ಲಿ ಯಾವುದನ್ನೂ ಪೂರ್ತಿ ನಂಬಿ ಇನ್ನೊಂದನ್ನು ಕೈಬಿಡಬೇಡಿ.

ನಾನು ನಿವೃತ್ತನಾದ ದಿನ ಆಸ್ಪತ್ರೆಯ ಅಂಗಳದಲ್ಲಿ ಶಾಲು ಹೊದಿಸಿದರು. ಸರೋಜಮ್ಮ ಎರಡು ಮಾತಾಡಿದರು. ಉಸ್ತುವಾರಿ ಸಿದ್ದರಾಜುವಿಗೆ ಎಂದು ಮ್ಯಾನೇಜರು ಹೇಳಿ, ಕೀಲಿಯನ್ನು ನನ್ನ ಕೈಯಿಂದಲೇ ಕೊಡಿಸಬೇಕೆಂದರು. ನಾನು ಕೀಲಿ ಚಾಚಿದೆ. ಸಿದ್ದರಾಜು ತೆಗೆದುಕೊಳ್ಳಲಿಲ್ಲ.

"ಒಂದ್ನಿಮ್ಸ ಇರಿ ಅಣ್ಣ" ಎಂದು ಜೀಪಿನ ಕಡೆ ಹೋದ.

ಮುಂದಿನ ಎಡಗಾಲಿಯಿಂದ ಶುರುಮಾಡಿದ. ಅಂಗೈ ಆಡಿಸಿದ, ತೋಳು ತೂರಿಸಿದ. ಮದುವೆಗೆ ಹೋಗುವವನ ಹಾಗೆ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ, ತೋಳೆಲ್ಲ ಕಪ್ಪಾಯಿತು. ಜನ ಪಿಸುಗುಟ್ಟಿದರು. ಲೋಟದ ಟೀ ಆರುತ್ತಿತ್ತು. "ಇವತ್ತಾದರೂ ಮಾದೇವಣ್ಣನನ್ನು ನಂಬಬಾರದೇನಪ್ಪಾ?" ಎಂದರು ಮ್ಯಾನೇಜರು. ಅವನು ತಿರುಗಿಯೂ ನೋಡಲಿಲ್ಲ. ಕೀಲಿ ಹಿಡಿದ ಕೈ ಹಾಗೇ ಇಟ್ಟುಕೊಂಡು ನಾನು ನೆಟ್ಟಗೆ ನಿಂತಿದ್ದೆ. ಸುತ್ತು ಮುಗಿಸಿ ಕೊನೆಗೆ ಹಿಂದೆ ತೂಗಿದ್ದ ಸ್ಟೆಪ್ನಿಯ ಹೊದಿಕೆ ಬಿಚ್ಚಿ, ಗೇಜು ಒತ್ತಿ, ಅಲ್ಲಿಂದಲೇ ಕೂಗಿದ.

"ಅಣ್ಣ, ಸ್ಟೆಪ್ನೀಲಿ ಗಾಳಿ ಕಮ್ಮಿ ಅದ!"

ಅದರ ಗಾಳಿಯನ್ನು ಬೆಳಿಗ್ಗೆ ನಾನೇ ಬಿಟ್ಟಿದ್ದೆ. ಹೋಗಿ ಅವನ ಕಪ್ಪು ಕೈಗೆ ಕೀಲಿ ಕೊಟ್ಟೆ.